ಹಳೇ ಟ್ರಕ್ಕಿನ ಹಾರ್ಮೋನಿಕ್ ಬ್ಯಾಲೆನ್ಸರ್: ಸವೆತ ಪತ್ತೆಹಚ್ಚಿ ಬದಲಾಯಿಸುವ ಸಮಗ್ರ ಮಾರ್ಗದರ್ಶಿ

ಹಳೇ ವಿ-8 ಪಿಕಪ್ ಟ್ರಕ್ ಒಂದು ನನ್ನನ್ನು ಎರಡು ತಿಂಗಳು ಕಾಡಿತ್ತು. ಏರಿನಲ್ಲಿ ಎಳೆತವೇ ಇಲ್ಲ, ಸ್ವಲ್ಪ ಹೊತ್ತು ಓಡಿಸಿದರೆ ಎಂಜಿನ್ ಬಿಸಿ. ಕಾರ್ಬುರೇಟರ್ ಬಿಚ್ಚಿ ತೊಳೆದೆ, ಡಿಸ್ಟ್ರಿಬ್ಯೂಟರ್ ಬದಲಾಯಿಸಿದೆ, ಥರ್ಮೋಸ್ಟಾಟ್ ಹೊಸದು ಹಾಕಿದೆ. ಟೈಮಿಂಗ್ ಲೈಟ್ (ಕಿಡಿ ಹಾರುವ ಕ್ಷಣಕ್ಕೆ ಮಿನುಗುವ ದೀಪ) ಹಿಡಿದಾಗಲೆಲ್ಲ ಬ್ಯಾಲೆನ್ಸರಿನ ಮೇಲಿನ ಗೀಟು ಸರಿಯಾಗಿ 8 ಡಿಗ್ರಿಯಲ್ಲೇ ಕಾಣುತ್ತಿತ್ತು. ಕೊನೆಗೆ ಗೊತ್ತಾಗಿದ್ದು, ಆ ಗೀಟೇ ಜಾಗ ಬಿಟ್ಟು ಸರಿದಿದೆ ಎಂದು. ಹಾರ್ಮೋನಿಕ್ ಬ್ಯಾಲೆನ್ಸರಿನ ಹೊರ ಉಂಗುರ ಸುಮಾರು 20 ಮಿ.ಮೀ. ಹಿಂದಕ್ಕೆ ಜಾರಿತ್ತು. 200 ಮಿ.ಮೀ. ವ್ಯಾಸದ ಉಂಗುರದಲ್ಲಿ 1 ಡಿಗ್ರಿ ಎಂದರೆ 1.75 ಮಿ.ಮೀ. ಮಾತ್ರ. ಲೆಕ್ಕ ಹಾಕಿ: 11 ಡಿಗ್ರಿಗೂ ಹೆಚ್ಚಿನ ವ್ಯತ್ಯಾಸ. ಲೈಟಿನಲ್ಲಿ 8 ಡಿಗ್ರಿ ಮುಂಚೆ ಎಂದು ಕಂಡ ಕಿಡಿ ನಿಜದಲ್ಲಿ ಪಿಸ್ಟನ್ ಮೇಲ್ತುದಿ ದಾಟಿದ ಮೇಲೆ ಹಾರುತ್ತಿತ್ತು.

ಹಾಗಾಗಿ ಹಳೇ ಟ್ರಕ್ಕಿನ ಟ್ಯೂನಿಂಗ್‌ಗೆ ಕೈ ಹಾಕುವ ಮುನ್ನ ಬ್ಯಾಲೆನ್ಸರ್ ನಂಬಿಕೆಗೆ ಅರ್ಹವೇ ಎಂದು ನೋಡಿ. ಅದು ಸುಳ್ಳು ಹೇಳುತ್ತಿದ್ದರೆ ಮುಂದಿನ ಎಲ್ಲ ಅಳತೆಯೂ ಸುಳ್ಳು.

ಇದು ಏನು, ಯಾಕೆ ಇದೆ

ಎಂಜಿನ್ನಿನ ಮುಂಭಾಗದಲ್ಲಿ, ಕ್ರ್ಯಾಂಕ್‌ಶಾಫ್ಟಿನ ಮೂತಿಗೆ ಕೂತಿರುವ ದಪ್ಪ, ಭಾರದ ಚಕ್ರವೇ ಇದು. ಕೆಲವರು ಡ್ಯಾಂಪರ್ ಎನ್ನುತ್ತಾರೆ, ಕೆಲವರು ಸುಮ್ಮನೆ ಕ್ರ್ಯಾಂಕ್ ಪುಲಿ ಎಂದುಬಿಡುತ್ತಾರೆ. ಬೆಲ್ಟ್ ಓಡಿಸುವುದು ಅದರ ಪಕ್ಕದ ಕೆಲಸವಷ್ಟೇ. ಅದರೊಳಗೆ ಮೂರು ಭಾಗಗಳಿವೆ: ಕ್ರ್ಯಾಂಕಿಗೆ ಬಿಗಿಯಾಗಿ ಕೂರುವ ಒಳಗಿನ ಹಬ್, ಹೊರಗೆ ಭಾರದ ಉಂಗುರ, ಎರಡರ ನಡುವೆ ಒತ್ತಿ ಕೂರಿಸಿದ ರಬ್ಬರ್ ಪಟ್ಟಿ.

ಸಿಲಿಂಡರಿನಲ್ಲಿ ಇಂಧನ ಉರಿದಾಗಲೆಲ್ಲ ಪಿಸ್ಟನ್ ಕ್ರ್ಯಾಂಕಿಗೆ ಒಂದು ಹೊಡೆತ ಕೊಡುತ್ತದೆ. ಎಷ್ಟೇ ಗಟ್ಟಿ ಉಕ್ಕಾದರೂ ಆ ಹೊಡೆತಕ್ಕೆ ಕ್ರ್ಯಾಂಕ್ ಕೂದಲೆಳೆಯಷ್ಟು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಎಂಟು ಸಿಲಿಂಡರಿನ ನಾಲ್ಕು-ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ನಾಲ್ಕು ಹೊಡೆತ. 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200. ಈ ಹೊಡೆತಗಳ ಲಯ ಕ್ರ್ಯಾಂಕಿನ ಸಹಜ ಕಂಪನದ ಲಯಕ್ಕೆ ಕೂಡಿಬಂದರೆ ತಿರುಚುವಿಕೆ ಬೆಳೆಯುತ್ತಾ ಹೋಗುತ್ತದೆ. ಹಾಗೇ ಬಿಟ್ಟರೆ ಕ್ರ್ಯಾಂಕ್ ಬಿರುಕು ಬಿಡುತ್ತದೆ, ಕಡೆಗೆ ತುಂಡಾಗುತ್ತದೆ. ಹೊರಗಿನ ಭಾರದ ಉಂಗುರ ತನ್ನ ಜಡತ್ವದಿಂದ ಒಂದೇ ವೇಗದಲ್ಲಿ ತಿರುಗಲು ನೋಡುತ್ತದೆ, ಹಬ್ ನಡುಗುತ್ತದೆ, ನಡುವಿನ ರಬ್ಬರ್ ಆ ನಡುಕವನ್ನು ತಿಂದು ಶಾಖವಾಗಿಸುತ್ತದೆ. ಮೊದಲ ಪೀಳಿಗೆಯ ಉದ್ದನೆ ಆರು ಸಿಲಿಂಡರ್ ಎಂಜಿನ್ನುಗಳ ಕ್ರ್ಯಾಂಕ್‌ಗಳು ಇದೇ ನಡುಕಕ್ಕೆ ಬಲಿಯಾಗುತ್ತಿದ್ದವು. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡ್ರಿಕ್ ಲ್ಯಾಂಚೆಸ್ಟರ್ 1910ರಲ್ಲಿ ಡ್ಯಾಂಪರಿಗೆ ಪೇಟೆಂಟ್ ಪಡೆದದ್ದು ಈ ಕಾಟಕ್ಕೆ ಉತ್ತರವಾಗಿ.

ಸವೆಯುವುದು ರಬ್ಬರೇ. ಶಾಖ, ಸೋರಿದ ಎಣ್ಣೆ, ವಯಸ್ಸು ಮೂರೂ ಅದನ್ನು ಕೊಲ್ಲುತ್ತವೆ. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಇದೆ ಎಂದು ಸಮಾಧಾನಪಡಬೇಡಿ. ನಿಂತ ಟ್ರಕ್ಕಿನಲ್ಲೂ ರಬ್ಬರ್ ಮುಪ್ಪಾಗುತ್ತದೆ.

ಲಕ್ಷಣಗಳು

ಆರ್‌ಪಿಎಂ ಏರಿದಂತೆ ಏರುವ ನಡುಕ, ಬೆಲ್ಟ್ ಪದೇ ಪದೇ ಹಾರುವುದು ಅಥವಾ ಒಂದು ಅಂಚಿನಲ್ಲಿ ಸವೆಯುವುದು, ಮುಂಭಾಗದಿಂದ ಬೇರಿಂಗ್ ಹೋದಂತೆ ಕೇಳುವ ಮಂದ ಬಡಿತ, ಮುಂದಿನ ಆಯಿಲ್ ಸೀಲಿನಿಂದ ಎಣ್ಣೆ ಒಸರುವುದು, ಟೈಮಿಂಗ್ ಗೀಟು ಲೈಟಿನಲ್ಲಿ ಒಂದೆಡೆ ನಿಲ್ಲದೆ ಅಲೆದಾಡುವುದು. ಇವು ಮುಖ್ಯವಾದವು.

ಆದರೆ ಇವೇ ಲಕ್ಷಣಗಳನ್ನು ಬೇರೆ ಭಾಗಗಳೂ ತೋರಿಸುತ್ತವೆ. ಹಾಗಾಗಿ ದುಡ್ಡು ಖರ್ಚು ಮಾಡುವ ಮುನ್ನ ಶೋಧಿಸಿ ನೋಡಿ. ಟ್ರಕ್ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಏರಿಸಿ. ಆಗಲೂ ನಡುಕವಿದ್ದರೆ ದೋಷ ಎಂಜಿನ್ನಿನ ಕಡೆ. ಓಡುವಾಗ ಮಾತ್ರ ಇದ್ದರೆ ಪ್ರೊಪೆಲ್ಲರ್ ಶಾಫ್ಟ್, ಅದರ ಕ್ರಾಸ್, ಚಕ್ರಗಳನ್ನು ನೋಡಿ. ನಂತರ ತಣ್ಣಗಿನ ಎಂಜಿನ್ನಿನಲ್ಲಿ ಬೆಲ್ಟ್‌ಗಳನ್ನೆಲ್ಲ ಕಳಚಿ ಅರ್ಧ ನಿಮಿಷ ಮಾತ್ರ ಓಡಿಸಿ. ವಾಟರ್ ಪಂಪ್ ತಿರುಗದ ಕಾರಣ ಅದಕ್ಕಿಂತ ಹೆಚ್ಚು ಹೊತ್ತು ಬೇಡ. ನಡುಕ ಮಾಯವಾದರೆ ವಾಟರ್ ಪಂಪ್ ಬೇರಿಂಗ್, ಬಾಗಿದ ಫ್ಯಾನ್ ಎಲೆ, ಫ್ಯಾನ್ ಕ್ಲಚ್ ಅಥವಾ ಆಲ್ಟರ್ನೇಟರ್ ಕಾರಣ. ಹಾಗೇ ಉಳಿದರೆ ಎಂಜಿನ್ ಮೌಂಟ್, ಮಿಸ್‌ಫೈರ್, ಬಿರುಕುಬಿಟ್ಟ ಫ್ಲೆಕ್ಸ್‌ಪ್ಲೇಟ್ (ಆಟೋಮ್ಯಾಟಿಕ್ ಟ್ರಕ್ಕಿನಲ್ಲಿ ಫ್ಲೈವೀಲಿನ ಜಾಗದಲ್ಲಿರುವ ತೆಳು ಹಲ್ಲಿನ ತಟ್ಟೆ) ಮತ್ತು ನಮ್ಮ ಬ್ಯಾಲೆನ್ಸರ್ ಉಳಿಯುತ್ತವೆ.

ಪತ್ತೆ ಹಚ್ಚುವ ನಾಲ್ಕು ಪರೀಕ್ಷೆಗಳು

ಮೊದಲನೆಯದು ಕಣ್ಣಿನದು. ಎಂಜಿನ್ ಆಫ್ ಇರಲಿ, ಟಾರ್ಚ್ ಹಿಡಿದು ಮುಂದಿನಿಂದ ನೋಡಿ. ರಬ್ಬರ್ ಪಟ್ಟಿಯಲ್ಲಿ ಆಳವಾದ ಸೀಳು, ಹೊರಕ್ಕೆ ಉಬ್ಬಿದ ಭಾಗ, ಚೂರು ಕಿತ್ತುಹೋದ ಜಾಗ ಇದೆಯೇ? ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆಯೇ? ಮೇಲ್ಮೈಯ ಸಣ್ಣ ಒಡಕು ವಯಸ್ಸಿನ ಗುರುತಷ್ಟೇ. ಆದರೆ ಹೊರ ಉಂಗುರ ಹಬ್ಬಿನ ಮುಖಕ್ಕಿಂತ ಮುಂದೆಯೋ ಹಿಂದೆಯೋ ಸರಿದು, ಮೊದಲಿನ ಮಟ್ಟ ತಪ್ಪಿದ್ದರೆ ಅಂಥ ಟ್ರಕ್ಕನ್ನು ಓಡಿಸಬೇಡಿ. ಆ ಉಂಗುರ ಪೂರ್ತಿ ಕಳಚಿದರೆ ರೇಡಿಯೇಟರ್, ಟೈಮಿಂಗ್ ಕವರ್ ಎಲ್ಲವನ್ನೂ ಸೀಳಿಕೊಂಡು ಹೋಗುತ್ತದೆ.

ಎರಡನೆಯದು ಓಲಾಟದ ಪರೀಕ್ಷೆ. ಎಂಜಿನ್ ಐಡಲ್‌ನಲ್ಲಿರುವಾಗ ಪಕ್ಕದಿಂದ, ಫ್ಯಾನಿನಿಂದ ದೂರ ನಿಂತು ಉಂಗುರದ ಅಂಚನ್ನು ನೋಡಿ. ಸಡಿಲ ಅಂಗಿ, ಮಫ್ಲರ್, ತೂಗಾಡುವ ದಾರ ಏನೂ ಮೈಮೇಲಿರಬಾರದು. ಅಂಚು ಹಾವಿನಂತೆ ಒಳಹೊರ ಆಡುತ್ತಿದ್ದರೆ ಉಂಗುರ ಸಡಿಲವಾಗಿದೆ, ಇಲ್ಲವೇ ನಡುವಿನ ಬೋಲ್ಟ್ ಸಡಿಲವಾಗಿದೆ. ಎರಡನೆಯದನ್ನು ಮರೆಯಬೇಡಿ, ಬೋಲ್ಟ್ ಬಿಗಿಯಿದೆಯೇ ಎಂದು ಟಾರ್ಕ್ ರೆಂಚಿನಿಂದ ನೋಡಿಯೇ ಮುಂದುವರಿಯಿರಿ. ಡಯಲ್ ಗೇಜ್ ಇದ್ದರೆ ಎಂಜಿನ್ ಕೈಯಲ್ಲಿ ತಿರುಗಿಸುತ್ತಾ ಓಲಾಟ ಅಳೆದು, ಮ್ಯಾನ್ಯುಯಲ್ ಕೊಟ್ಟ ಮಿತಿಗೆ ಹೋಲಿಸಿ.

ಮೂರನೆಯದು ನನಗೆ ಅತ್ಯಂತ ಇಷ್ಟವಾದದ್ದು, ಖರ್ಚೇ ಇಲ್ಲದ್ದು. ಹಬ್, ರಬ್ಬರ್, ಹೊರ ಉಂಗುರ ಮೂರರ ಮೇಲೂ ಹಾಯುವಂತೆ ಬಿಳಿ ಪೇಂಟಿನಿಂದ ನೇರ ಗೆರೆ ಎಳೆಯಿರಿ. ಒಂದು ವಾರ ಎಂದಿನಂತೆ ಓಡಿಸಿ. ಗೆರೆ ಮುರಿದು ಎರಡು ತುಂಡಾಗಿ ಅಕ್ಕಪಕ್ಕ ನಿಂತಿದ್ದರೆ ಉಂಗುರ ಜಾರುತ್ತಿದೆ. ಬೇರೆ ಸಾಕ್ಷಿ ಬೇಡ. ಆದರೆ ಗೆರೆ ಒಡೆಯದಿದ್ದರೆ ಈಗ ಜಾರುತ್ತಿಲ್ಲ ಎಂದಷ್ಟೇ ಅರ್ಥ. ಹಿಂದೆಂದೋ ಜಾರಿ ಅಲ್ಲೇ ಕೂತಿರಬಹುದು.

ಅದನ್ನು ತೀರ್ಮಾನಿಸುವುದು ನಾಲ್ಕನೆಯ ಪರೀಕ್ಷೆ, ಪಿಸ್ಟನ್ ಸ್ಟಾಪ್ ವಿಧಾನ. ಬ್ಯಾಟರಿ ಕಳಚಿ, ಎಲ್ಲ ಸ್ಪಾರ್ಕ್ ಪ್ಲಗ್ ತೆಗೆಯಿರಿ. ಎಂಜಿನ್ ಹಗುರವಾಗಿ ತಿರುಗುತ್ತದೆ. ಒಂದನೇ ಸಿಲಿಂಡರಿನ ಪಿಸ್ಟನ್ ಕೆಳಗಿರುವಾಗ ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ (ಪಿಸ್ಟನ್ ಪೂರ್ತಿ ಮೇಲೆ ಬರದಂತೆ ತಡೆಯುವ ಕಡ್ಡಿ) ತಿರುಗಿಸಿ ಕೂರಿಸಿ. ಈಗ ಕೈಯಿಂದ, ನಿಧಾನವಾಗಿ, ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಿ. ಪಿಸ್ಟನ್ ತಾಕಿ ನಿಂತ ಕ್ಷಣ ಟೈಮಿಂಗ್ ಸೂಚಕದ (ಎಂಜಿನ್ನಿನ ಮುಂದೆ ಡಿಗ್ರಿ ಗುರುತಿರುವ ತಗಡು) ಸೊನ್ನೆಗೆ ಎದುರಾಗಿ ಉಂಗುರದ ಮೇಲೆ ಗುರುತು ಹಾಕಿ. ಮತ್ತೆ ವಿರುದ್ಧ ದಿಕ್ಕಿಗೆ ತಿರುಗಿಸಿ, ತಾಕಿದಲ್ಲಿ ಇನ್ನೊಂದು ಗುರುತು. ಹಿಂದಕ್ಕೆ ತಿರುಗಿಸುವಾಗ ನಡುವಿನ ಬೋಲ್ಟ್ ಸಡಿಲವಾಗದಂತೆ ಗಮನವಿರಲಿ. ಎರಡು ಗುರುತುಗಳ ನಡುವಿನ ಚಿಕ್ಕ ಕಮಾನಿನ ಸರಿಯಾದ ಮಧ್ಯಬಿಂದುವೇ ನಿಜವಾದ ಮೇಲ್ತುದಿ, ಮೆಕ್ಯಾನಿಕ್‌ಗಳ ಬಾಯಲ್ಲಿ ಟಿಡಿಸಿ. ಕಾರ್ಖಾನೆಯ ಗೀಟು ಆ ಮಧ್ಯಬಿಂದುವಿನಲ್ಲಿಲ್ಲದಿದ್ದರೆ ಉಂಗುರ ಜಾರಿದೆ, ಇಲ್ಲವೇ ಈ ಎಂಜಿನ್ನಿಗೆ ಹೊಂದದ ಬ್ಯಾಲೆನ್ಸರನ್ನೋ ಸೂಚಕವನ್ನೋ ಹಿಂದೆ ಯಾರೋ ಹಾಕಿದ್ದಾರೆ. ಸ್ಟಾರ್ಟರ್ ಒತ್ತಿ ಈ ಪರೀಕ್ಷೆ ಮಾಡಲು ಎಂದೂ ಹೋಗಬೇಡಿ, ಪಿಸ್ಟನ್ ತೂತಾಗುತ್ತದೆ.

ಜಾರಿದ ದಿಕ್ಕೂ ಲಕ್ಷಣವನ್ನು ಹೇಳುತ್ತದೆ. ಉಂಗುರ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಹಿಂದೆ ಬಿದ್ದಿದ್ದರೆ ಲೈಟ್ ಹೆಚ್ಚು ಅಡ್ವಾನ್ಸ್ (ಮೇಲ್ತುದಿಗೆ ಎಷ್ಟು ಮುಂಚೆ ಕಿಡಿ ಹಾರುತ್ತದೆ ಎಂಬುದು) ತೋರಿಸುತ್ತದೆ, ನೀವು ಅದನ್ನು ನಂಬಿ ಕಡಿಮೆ ಮಾಡುತ್ತೀರಿ, ಎಂಜಿನ್ ಸೋಮಾರಿಯಾಗಿ ಬಿಸಿಯಾಗುತ್ತದೆ. ಮುಂದಕ್ಕೆ ಜಾರಿದ್ದರೆ ನೀವು ಅತಿಯಾಗಿ ಅಡ್ವಾನ್ಸ್ ಕೊಡುತ್ತೀರಿ, ಭಾರ ಎಳೆಯುವಾಗ ಎಂಜಿನ್ ಕಟಕಟ ಬಡಿಯುತ್ತದೆ. ಆ ಬಡಿತ ಪಿಸ್ಟನ್ನಿಗೆ ಮಾರಕ.

ಸರಿಯಾದ ಭಾಗ ಆರಿಸುವುದು

ಬ್ಯಾಲೆನ್ಸರನ್ನು ನೋಡಿ, ಅಗಲ ಹೋಲಿಸಿ ತರುವುದು ದೊಡ್ಡ ತಪ್ಪು. ಕೆಲವು ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ತೂಕದ ಸಮತೋಲ ಒಳಗೇ ಮುಗಿದಿರುತ್ತದೆ. ಅಲ್ಲಿ ಬ್ಯಾಲೆನ್ಸರ್ ಸುತ್ತಲೂ ಸಮತೂಕದ್ದು. ಇನ್ನು ಕೆಲವದರಲ್ಲಿ ಸಮತೋಲದ ಒಂದು ಪಾಲು ಬ್ಯಾಲೆನ್ಸರ್ ಮತ್ತು ಫ್ಲೈವೀಲಿನಲ್ಲಿರುತ್ತದೆ. ಅಲ್ಲಿ ಉಂಗುರದ ಒಂದು ಬದಿ ಬೇಕೆಂದೇ ಭಾರ. ಶೆವರ್ಲೆಯ ವಿ-8 ಎಂಜಿನ್ನುಗಳಾದ 350 ಮತ್ತು 400 ಸ್ಮಾಲ್ ಬ್ಲಾಕ್‌ಗಳು ಹೊರಗಿನಿಂದ ಅವಳಿಗಳಂತೆ ಕಂಡರೂ 400ಕ್ಕೆ ಬೇಕಾದದ್ದು ಭಾರದ ಬ್ಯಾಲೆನ್ಸರ್, 350ಕ್ಕೆ ಸಮತೂಕದ್ದು. ಫೋರ್ಡ್ 302ರಲ್ಲಿ ಹಳೇ ಎಂಜಿನ್ನುಗಳಿಗೆ 28 ಔನ್ಸ್-ಇಂಚಿನದು (ಒಂದು ಬದಿಯ ಹೆಚ್ಚುವರಿ ಭಾರದ ಅಳತೆ). 1980ರ ದಶಕದ ಆರಂಭದಿಂದ 50 ಔನ್ಸ್-ಇಂಚಿನದು. ಅದಲುಬದಲಾದರೆ ಬೋಲ್ಟ್ ಎಲ್ಲ ಸರಿಯಾಗಿ ಕೂರುತ್ತದೆ, ಎಂಜಿನ್ ಮಾತ್ರ ಒದರಿ ಒದರಿ ಬೇರಿಂಗ್ ಕಳೆದುಕೊಳ್ಳುತ್ತದೆ.

ಇನ್ನೊಂದು ಸಂಗತಿ ಗೀಟಿನ ಜಾಗ. ಒಂದೇ ಎಂಜಿನ್ ಕುಟುಂಬದಲ್ಲೂ ವರ್ಷ ಬದಲಾದಂತೆ ಕೀವೇಗೂ (ಹಬ್ಬನ್ನೂ ಕ್ರ್ಯಾಂಕನ್ನೂ ಕೂಡಿಸುವ ಸಣ್ಣ ಕೀ ಕೂರುವ ತೋಡು) ಗೀಟಿಗೂ ನಡುವಿನ ಕೋನ ಬದಲಾಗಿರುವುದುಂಟು. ಶೆವರ್ಲೆ ಸ್ಮಾಲ್ ಬ್ಲಾಕ್‌ನಲ್ಲಿ 1969ರ ಸುಮಾರಿಗೆ ಇದು ಬದಲಾಯಿತು. ಹಾಗಾಗಿ ಬ್ಯಾಲೆನ್ಸರ್ ಮತ್ತು ಟೈಮಿಂಗ್ ಸೂಚಕ ಒಂದೇ ಕಾಲದ ಜೋಡಿಯಾಗಿರಬೇಕು. ಎಂಜಿನ್ ಬ್ಲಾಕಿನ ಮೇಲಿನ ಸಂಖ್ಯೆ ಬರೆದುಕೊಂಡು ಅದರ ಪ್ರಕಾರವೇ ತರಿಸಿ. ಹಳೇ ಟ್ರಕ್ಕುಗಳಲ್ಲಿ ಎಂಜಿನ್ ಬದಲಾಗಿರುವ ಸಾಧ್ಯತೆ ಇದ್ದೇ ಇರುತ್ತದೆ. ಹಳೆಯದಕ್ಕೆ ಹೊಸ ರಬ್ಬರ್ ಅಂಟಿಸಿಕೊಳ್ಳುವ ಯೋಚನೆ ಬೇಡ. ಸೆಕೆಂಡ್‌ಹ್ಯಾಂಡ್ ಬ್ಯಾಲೆನ್ಸರ್ ಕೂಡ ಬೇಡ; ಅದರ ರಬ್ಬರಿನ ವಯಸ್ಸೂ ನಿಮ್ಮದರಷ್ಟೇ.

ಜೊತೆಗೆ ಹೊಸ ಫ್ರಂಟ್ ಆಯಿಲ್ ಸೀಲ್, ಬೆಲ್ಟ್ ಹಳೆಯದಾಗಿದ್ದರೆ ಹೊಸದು ತನ್ನಿ. ಸಲಕರಣೆಗಳಲ್ಲಿ ಎರಡಕ್ಕೆ ಪರ್ಯಾಯವಿಲ್ಲ: ಬೋಲ್ಟ್ ಹಾಕಿ ಎಳೆಯುವ ಮೂರು ಬೋಲ್ಟಿನ ಪುಲ್ಲರ್, ಮತ್ತು ಬೇರಿಂಗ್ ಇರುವ ಇನ್‌ಸ್ಟಾಲರ್. ಇವನ್ನು ಬಾಡಿಗೆಗಾದರೂ ತನ್ನಿ.

ಬಿಚ್ಚುವುದು

ಎಂಜಿನ್ ಪೂರ್ತಿ ತಣಿದಿರಲಿ. ಚಕ್ರಗಳಿಗೆ ಅಡ್ಡಕಟ್ಟೆ ಇಟ್ಟು, ಬ್ಯಾಟರಿಯ ನೆಗೆಟಿವ್ ಕಳಚಿ. ಬೆಲ್ಟ್ ಹೋಗುವ ದಾರಿಯ ಫೋಟೋ ತೆಗೆದುಕೊಳ್ಳಿ. ಫ್ಯಾನ್ ಶ್ರೌಡ್, ಫ್ಯಾನ್, ಬೆಲ್ಟ್‌ಗಳನ್ನು ತೆಗೆಯಿರಿ. ಜಾಗ ಇಕ್ಕಟ್ಟಾದರೆ ಕೂಲಂಟ್ ಇಳಿಸಿ ರೇಡಿಯೇಟರನ್ನೂ ತೆಗೆದುಬಿಡಿ. ಅರ್ಧ ಗಂಟೆ ಹೆಚ್ಚು ಹಿಡಿದರೂ ರೇಡಿಯೇಟರಿನ ಕೋರ್ ಉಳಿಯುತ್ತದೆ. ತೆಗೆಯದಿದ್ದರೆ ಅದರ ಮುಂದೆ ದಪ್ಪ ರಟ್ಟು ನಿಲ್ಲಿಸಿ.

ಬೆಲ್ಟ್ ಪುಲಿ ಬೇರೆಯಾಗಿದ್ದರೆ ಅದರ ಸಣ್ಣ ಬೋಲ್ಟ್‌ಗಳನ್ನು ಬಿಚ್ಚಿ ತೆಗೆದಿಡಿ. ಈಗ ನಡುವಿನ ಬೋಲ್ಟ್. ಅದನ್ನು ತಿರುಗಿಸಿದರೆ ಎಂಜಿನ್ನೇ ತಿರುಗುತ್ತದೆ, ಹಾಗಾಗಿ ಕ್ರ್ಯಾಂಕ್ ಹಿಡಿದು ನಿಲ್ಲಿಸಬೇಕು. ಮ್ಯಾನ್ಯುಯಲ್ ಗೇರ್ ಇದ್ದರೆ ಮೇಲಿನ ಗೇರಿಗೆ ಹಾಕಿ, ಇನ್ನೊಬ್ಬರು ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಲಿ. ಆಟೋಮ್ಯಾಟಿಕ್ ಇದ್ದರೆ ಕೆಳಗಿನ ಕವರ್ ತೆಗೆದು ಫ್ಲೆಕ್ಸ್‌ಪ್ಲೇಟ್ ಹಲ್ಲಿಗೆ ಲಾಕಿಂಗ್ ಟೂಲ್ ಸಿಕ್ಕಿಸಿ. ರೆಂಚನ್ನು ಚಾಸಿಗೆ ಒರಗಿಸಿ ಸ್ಟಾರ್ಟರ್ ಮೀಟುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ರೆಂಚ್ ಸಿಡಿದರೆ ಕೈ ಮುರಿಯುತ್ತದೆ, ಬಿಟ್ಟುಬಿಡಿ. ತುಕ್ಕು ಹಿಡಿದಿದ್ದರೆ ಪೆನೆಟ್ರೇಟಿಂಗ್ ಆಯಿಲ್ ಹಾಕಿ ಒಂದು ರಾತ್ರಿ ಬಿಡಿ.

ಪುಲ್ಲರ್ ಹಾಕುವಾಗ ಮೂರೂ ಬೋಲ್ಟ್ ಹಬ್ಬಿನ ಮರೆಗಳಲ್ಲಿ (ಥ್ರೆಡ್‌ಗಳಲ್ಲಿ) ಸಮ ಆಳಕ್ಕೆ ಹೋಗಲಿ. ಬಹಳಷ್ಟು ಶೆವರ್ಲೆಗಳಲ್ಲಿ ಅವು 3/8-24 ಅಳತೆಯವು. ತೀರ ಉದ್ದದ ಬೋಲ್ಟ್ ಹಾಕಿದರೆ ಹಿಂದಿನ ಟೈಮಿಂಗ್ ಕವರ್ ತೂತಾಗುತ್ತದೆ. ಪುಲ್ಲರಿನ ನಡುವಿನ ಸ್ಕ್ರೂ ನೇರವಾಗಿ ಕ್ರ್ಯಾಂಕಿನ ಮರೆಯೊಳಗೆ ಹೋಗದಂತೆ ತುದಿಗೆ ಅಡಾಪ್ಟರ್ ಇಡಿ. ಆ ಮರೆ ಹಾಳಾದರೆ ಮುಂದಿನದೆಲ್ಲ ಕಷ್ಟ. ಉಂಗುರದ ಹೊರ ಅಂಚಿಗೆ ಕೊಕ್ಕೆ ಹಾಕುವ ಪುಲ್ಲರ್ ಬಳಸಲೇಬೇಡಿ, ಹಬ್ ಅಲ್ಲೇ ಉಳಿದು ಉಂಗುರ ಮಾತ್ರ ಕಿತ್ತುಬರುತ್ತದೆ. ನಿಧಾನವಾಗಿ ತಿರುಗಿಸಿ. ಹಬ್ ಬಿಟ್ಟುಕೊಟ್ಟ ಮೇಲೆ ಕೆಳಗೆ ಕೈ ಇಡಿ, ಅದು ಭಾರ. ಜೊತೆಯಲ್ಲಿ ಸಣ್ಣ ಕೀ ಉದುರಿದರೆ ಹುಡುಕಿ ಎತ್ತಿಟ್ಟುಕೊಳ್ಳಿ.

ಬಿಚ್ಚಿದ ಮೇಲೆ ನೋಡಬೇಕಾದ್ದು

ಕ್ರ್ಯಾಂಕ್ ಮೂತಿಯ ಮೇಲೆ ಸಣ್ಣ ಗೆರೆಗಳಿದ್ದರೆ ಮೆತ್ತನೆ ಎಮರಿ ಕಾಗದದಿಂದ ತೀಡಿ, ಪುಡಿ ಸೀಲಿನೊಳಗೆ ಹೋಗದಂತೆ ಬಟ್ಟೆ ತುರುಕಿ. ಕೀವೇಯ ಅಂಚು ಅಗಲವಾಗಿ ಹರಿದಿದ್ದರೆ, ಕೀ ಅರ್ಧಕ್ಕೆ ತುಂಡಾಗಿದ್ದರೆ ಬೋಲ್ಟ್ ಸಡಿಲವಿದ್ದು ಬಹಳ ದಿನ ಓಡಿದೆ ಎಂದರ್ಥ. ಕೀವೇ ತೀರ ಹೋಗಿದ್ದರೆ ಮೆಷಿನ್ ಶಾಪಿನವರ ಸಲಹೆ ಪಡೆಯದೆ ಹೊಸದು ಹೇರಬೇಡಿ.

ಹಳೇ ಹಬ್ಬಿನ ಮೇಲೆ ಸೀಲಿನ ತುಟಿ ಉಜ್ಜಿ ಮಾಡಿದ ತೋಡನ್ನು ಉಗುರಿನಿಂದ ಮುಟ್ಟಿ ನೋಡಿ. ಎಣ್ಣೆ ಸೋರುತ್ತಿದ್ದದ್ದು ಅಲ್ಲಿಂದಲೇ ಇರಬಹುದು. ಹೊಸ ಬ್ಯಾಲೆನ್ಸರಿನಲ್ಲಿ ಆ ತೊಂದರೆ ಇರುವುದಿಲ್ಲ. ಆದರೂ ಸೀಲ್ ಬದಲಾಯಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಹಳೇ ಸೀಲನ್ನು ಕವರಿಗೆ ಗಾಯವಾಗದಂತೆ ಕಿತ್ತು, ಹೊಸದನ್ನು ತುಟಿ ಒಳಮುಖವಾಗಿರುವಂತೆ, ಅದರಷ್ಟೇ ಅಗಲದ ಸಾಕೆಟ್ ಅಥವಾ ಡ್ರೈವರಿನಿಂದ ಸಮನಾಗಿ ತಟ್ಟಿ ಕೂರಿಸಿ. ತುಟಿಗೆ ಎಂಜಿನ್ ಆಯಿಲ್ ಸವರಿ. ಒಣ ತುಟಿ ಮೊದಲ ನಿಮಿಷದಲ್ಲೇ ಸುಡುತ್ತದೆ.

ಕೂರಿಸುವುದು

ಎಲ್ಲಕ್ಕಿಂತ ಹೆಚ್ಚು ಎಂಜಿನ್ ಹಾಳಾಗುವುದು ಈ ಹಂತದಲ್ಲಿ. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಪ್ರತಿ ಏಟೂ ಕ್ರ್ಯಾಂಕಿನ ಮೂಲಕ ಥ್ರಸ್ಟ್ ಬೇರಿಂಗಿಗೆ (ಕ್ರ್ಯಾಂಕ್ ಹಿಂದೆಮುಂದೆ ಸರಿಯದಂತೆ ತಡೆಯುವ ಬೇರಿಂಗ್) ಹೋಗುತ್ತದೆ, ಹೊಸ ರಬ್ಬರಿನ ಬಂಧವೂ ಸಡಿಲವಾಗುತ್ತದೆ. ನಡುವಿನ ಬೋಲ್ಟನ್ನೇ ಬಿಗಿಮಾಡುತ್ತಾ ಎಳೆದು ಕೂರಿಸುವುದೂ ತಪ್ಪು: ಶುರುವಿನಲ್ಲಿ ಅದರ ಮರೆ ಕೇವಲ ಎರಡು ಮೂರು ಸುತ್ತು ಹಿಡಿದಿರುತ್ತದೆ, ಪೂರ್ತಿ ಎಳೆತ ಅಷ್ಟರ ಮೇಲೇ ಬಿದ್ದು ಕ್ರ್ಯಾಂಕಿನ ಮರೆ ಕಿತ್ತುಬರುತ್ತದೆ. ಗ್ಯಾಸ್ ಬೆಂಕಿಯಿಂದ ಕಾಯಿಸುವುದಂತೂ ಹೊಸ ರಬ್ಬರನ್ನು ಮೊದಲ ದಿನವೇ ಹಾಳುಮಾಡಿದಂತೆ.

ಹಬ್ಬಿನ ಒಳಭಾಗ, ಕ್ರ್ಯಾಂಕ್ ಮೂತಿ ಒರೆಸಿ ಎಣ್ಣೆಯ ತೆಳು ಪದರ ಸವರಿ. ಕೀವೇಯೊಳಗೆ ಮಾತ್ರ ಎಣ್ಣೆ ಇರದಂತೆ ಒರೆಸಿ ಸಿಲಿಕಾನ್ ಸೀಲೆಂಟ್ ಸ್ವಲ್ಪ ಹಚ್ಚಿ, ಇಲ್ಲದಿದ್ದರೆ ಎಣ್ಣೆ ಅಲ್ಲಿಂದ ಹೊರಗೆ ಹರಿದು ಬರುತ್ತದೆ. ಸೀಲ್ ಮುಟ್ಟುವ ಭಾಗಕ್ಕೂ ಎಣ್ಣೆ ಹಚ್ಚಿ. ಕೀ ಮತ್ತು ಕೀವೇ ಸಾಲಾಗಿಸಿ ಹಬ್ಬನ್ನು ಕೈಯಿಂದ ಹೋಗುವಷ್ಟು ಒತ್ತಿ. ಇನ್‌ಸ್ಟಾಲರಿನ ರಾಡ್ ಕ್ರ್ಯಾಂಕಿನೊಳಗೆ ಕನಿಷ್ಠ ತನ್ನ ದಪ್ಪದಷ್ಟಾದರೂ ಆಳಕ್ಕೆ, ಸಾಧ್ಯವಾದರೆ ಇನ್ನೂ ಹೆಚ್ಚು ಆಳಕ್ಕೆ ಹೋಗಿರಲಿ. ಬೇರಿಂಗಿಗೆ ಗ್ರೀಸ್ ಹಚ್ಚಿ ನಟ್ ತಿರುಗಿಸುತ್ತಾ ಬನ್ನಿ. ಒಂದೇ ಸಮನೆ ಎಳೆಯುವ ಹದ ಕೈಗೆ ತಿಳಿಯುತ್ತದೆ. ನಡುವೆ ಥಟ್ಟನೆ ಗಡಸಾದರೆ ನಿಲ್ಲಿಸಿ, ಕೀ ಓರೆಯಾಗಿದೆಯೇ ನೋಡಿ. ಕೊನೆಯಲ್ಲಿ ಹಬ್ ಟೈಮಿಂಗ್ ಗೇರಿಗೆ ತಾಗಿ ನಿಂತಾಗ ನಟ್ ಗಟ್ಟಿಯಾಗಿ ನಿಂತುಬಿಡುತ್ತದೆ.

ನಡುವಿನ ಬೋಲ್ಟನ್ನು ನಿಮ್ಮ ಎಂಜಿನ್ನಿನ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿ ಮಾಡಿ. ಉದಾಹರಣೆಗೆ ಹಳೇ ಶೆವರ್ಲೆ ಸ್ಮಾಲ್ ಬ್ಲಾಕಿಗೆ 60 ಪೌಂಡ್-ಅಡಿ, ಅಂದರೆ ಸುಮಾರು 81 ನ್ಯೂಟನ್ ಮೀಟರ್. ಫೋರ್ಡ್ 302ಕ್ಕೆ 70ರಿಂದ 90 ಪೌಂಡ್-ಅಡಿ. ಟಾರ್ಕಿನ ಮೇಲೆ ಇಷ್ಟು ಡಿಗ್ರಿ ತಿರುಗಿಸಿ ಎಂದು ಹೇಳಿರುವ ಎಂಜಿನ್ನುಗಳಲ್ಲಿ ಆ ಬೋಲ್ಟ್ ಹಿಗ್ಗುವಂಥದ್ದು, ಅದಕ್ಕೆ ಹೊಸ ಬೋಲ್ಟೇ ಬೇಕು.

ಕೆಲವು ಡೀಸೆಲ್ ಟ್ರಕ್ಕುಗಳಲ್ಲಿ ಇಷ್ಟೆಲ್ಲ ಹೋರಾಟವಿಲ್ಲ. ಕಮ್ಮಿನ್ಸ್ 5.9ರಂಥ ಆರು ಸಿಲಿಂಡರ್ ಎಂಜಿನ್ನಿನಲ್ಲಿ ಡ್ಯಾಂಪರ್ ನಾಲ್ಕು ಬೋಲ್ಟಿನಿಂದ ಕೂತಿರುತ್ತದೆ, ಪುಲ್ಲರ್ ಬೇಕಿಲ್ಲ. ದೊಡ್ಡ ಡೀಸೆಲ್‌ಗಳಲ್ಲಿ ರಬ್ಬರಿನ ಬದಲು ಮುಚ್ಚಿದ ಡಬ್ಬಿಯೊಳಗೆ ಗಟ್ಟಿ ಸಿಲಿಕಾನ್ ದ್ರವ ತುಂಬಿರುವ ಡ್ಯಾಂಪರ್ ಇರುತ್ತದೆ. ಅದರ ಮೇಲೆ ಒಂದು ನೆಗ್ಗು ಬಿದ್ದರೂ ಒಳಗಿನ ಭಾರ ಸಿಕ್ಕಿಕೊಂಡು ಕೆಲಸ ಕೆಟ್ಟಿತೆಂದೇ ಲೆಕ್ಕ. ಬೆಲ್ಟ್ ಹಾಕುವಾಗ ಅದಕ್ಕೆ ಮೀಟುಗೋಲು ಒತ್ತಿ ಮೀಟಬೇಡಿ.

ಓಡಿಸುವ ಮುನ್ನ, ಓಡಿಸಿದ ಮೇಲೆ

ಪುಲಿ ಕೂರಿಸಿ, ಬೆಲ್ಟ್ ಹಾಕುವ ಮುನ್ನ ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಎಲ್ಲೂ ತಾಗುತ್ತಿಲ್ಲ ಎಂದು ನೋಡಿ. ಪ್ಲಗ್‌ಗಳು ಹೊರಗಿರುವಾಗಲೇ ಪಿಸ್ಟನ್ ಸ್ಟಾಪ್ ಪರೀಕ್ಷೆ ಮತ್ತೊಮ್ಮೆ ಮಾಡಿ. ಹೊಸ ಗೀಟು ನಿಜವಾದ ಟಿಡಿಸಿಗೆ ಸರಿಯಾಗಿ ಬಂದರೆ ಮಾತ್ರ ಬ್ಯಾಲೆನ್ಸರ್, ಸೂಚಕ ಎರಡೂ ಹೊಂದಿದವು. ತಪ್ಪಿದ ಭಾಗ ಬಂದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಹಾಗೇ ಹೊಸ ಉಂಗುರದ ಮೇಲೂ ಬಿಳಿ ಪೇಂಟಿನ ಗೆರೆ ಎಳೆದಿಡಿ.

ಪ್ಲಗ್, ಬೆಲ್ಟ್, ಫ್ಯಾನ್, ರೇಡಿಯೇಟರ್ ಸೇರಿಸಿ ಕೂಲಂಟ್ ತುಂಬಿ. ಸ್ಟಾರ್ಟ್ ಮಾಡಿ, ಪಕ್ಕದಿಂದ ಅಂಚಿನ ಓಲಾಟ, ಬೆಲ್ಟಿನ ಸಾಲು, ಸೀಲಿನ ಬಳಿ ಎಣ್ಣೆ ನೋಡಿ. ಬಿಸಿಯಾದ ಮೇಲೆ ಟೈಮಿಂಗ್ ಮೊದಲಿನಿಂದ ಹೊಂದಿಸಿ; ಹಳೇ ಗೀಟು ನಂಬಿ ಹೊಂದಿಸಿದ್ದ ಅಳತೆ ಈಗ ತಪ್ಪಾಗಿಯೇ ಇರುತ್ತದೆ. ಐಡಲ್ ಮತ್ತು ಕಾರ್ಬುರೇಟರ್ ಮಿಕ್ಸ್ಚರ್ ಸ್ಕ್ರೂಗಳನ್ನೂ ಟೈಮಿಂಗ್ ಆದ ಮೇಲೆಯೇ ಮುಟ್ಟಿ. ನೂರು ಕಿಲೋಮೀಟರ್ ಓಡಿಸಿ ಬಂದು, ತಣ್ಣಗಾದಾಗ ಟಾರ್ಚ್ ಹಿಡಿದು ಬಿಳಿ ಗೆರೆಯನ್ನೂ ಸೀಲನ್ನೂ ಇನ್ನೊಮ್ಮೆ ನೋಡಿ.